ಎ.ಸಿ. ಕೊಳ್ಳುವ ಮುನ್ನ ಕರೆಂಟ್ ಬಿಲ್ ನೋಡಿ: ಹೈದರಾಬಾದ್ ಕನ್ನಡಿಗರಿಗೆ 200 ಯೂನಿಟ್‌ಗಳ ಲೆಕ್ಕ

ಹೈದರಾಬಾದ್: ಮಾರ್ಚ್ ತಿಂಗಳು ಬಂತೆಂದರೆ ಕೋಠಿ, ಅಬಿಡ್ಸ್, ಅಮೀರ್‌ಪೇಟೆ, ಕೂಕಟ್‌ಪಲ್ಲಿಗಳ ಅಂಗಡಿಗಳ ಮುಂದೆ ಎ.ಸಿ. ಜಾಹೀರಾತುಗಳ ಸಾಲು ಕಾಣಿಸಿಕೊಳ್ಳುತ್ತದೆ. ಒಂದು ಕಾಲಕ್ಕೆ ಸಿರಿವಂತರ ಠೀವಿಯೆನಿಸಿದ್ದ ಈ ಯಂತ್ರ ಇಂದು ಮಧ್ಯಮ ವರ್ಗದ ಮನೆಗಳಿಗೂ ಅನಿವಾರ್ಯವಾಗಿದೆ. ತೆಲಂಗಾಣ ಸರ್ಕಾರ 2025ರ ಏಪ್ರಿಲ್‌ನಲ್ಲಿ ಬಿಸಿಗಾಳಿಯನ್ನು ರಾಜ್ಯದ ವಿಪತ್ತುಗಳ ಪಟ್ಟಿಗೆ ಸೇರಿಸಿ, ಬಿಸಿಲಾಘಾತದಿಂದ ಮೃತಪಟ್ಟವರ ಕುಟುಂಬಕ್ಕೆ ನೀಡುವ ಪರಿಹಾರವನ್ನು 4 ಲಕ್ಷ ರೂಪಾಯಿಗೆ ಏರಿಸಿತು. ಸೆಕೆ ಎಂಬುದು ಬರಿಯ ಅನನುಕೂಲವಲ್ಲ, ಜೀವಕ್ಕೆ ಕುತ್ತು ತರಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ನಗರದ ಕನ್ನಡಿಗರಿಗೆ ಈ ಪ್ರಶ್ನೆ ಇನ್ನಷ್ಟು ಹತ್ತಿರದ್ದು. ನಿಜಾಮರ ಕಾಲದಿಂದಲೂ ಕಾಚಿಗುಡ ಮತ್ತು ಸುತ್ತಮುತ್ತ ನೆಲೆಸಿರುವ ಬೀದರ್, ಕಲಬುರಗಿ, ರಾಯಚೂರು ಕಡೆಯ ಕುಟುಂಬಗಳಿಗೆ ಬಿಸಿಲು ಹೊಸತೇನಲ್ಲ. ಲಾವಂಚದ ತಟ್ಟಿಗೆ ನೀರು ಚಿಮುಕಿಸಿ ಬೇಸಿಗೆ ಕಳೆದ ಹಿರಿಯರು ಆ ಮನೆಗಳಲ್ಲಿದ್ದಾರೆ. ಆದರೆ ಮಾಧಾಪುರ, ಗಚ್ಚಿಬೌಲಿಗಳ ಐ.ಟಿ. ಕಂಪನಿಗಳಿಗೆ ಬಂದ ಹೊಸ ತಲೆಮಾರಿನವರ ಬಳಿ ವರ್ಷಕ್ಕೆ ನಾಲ್ಕು ತಿಂಗಳು ಇದ್ದು ಹೋಗುವ ತಂದೆ-ತಾಯಿಯರಲ್ಲಿ ಹಲವರು ಮಲೆನಾಡಿನವರು, ಮೈಸೂರು ಕಡೆಯವರು. ಮೇ ತಿಂಗಳ 42 ಡಿಗ್ರಿಯ ಬಿಸಿಲಿಗೂ, ರಾತ್ರಿಯಾದರೂ ಆರದ ಕಾಂಕ್ರೀಟ್ ಗೋಡೆಗಳ ಕಾವಿಗೂ ಅವರ ದೇಹ ಒಗ್ಗಿಲ್ಲ. ಹೀಗಾಗಿ ಎ.ಸಿ. ಬೇಕೇ ಬೇಡವೇ ಎಂಬುದಕ್ಕಿಂತ ಎಂಥದು ಬೇಕು, ಅದನ್ನು ಸಾಕುವ ಶಕ್ತಿ ಮನೆಗಿದೆಯೇ ಎಂಬುದೇ ಈಗಿನ ಪ್ರಶ್ನೆ.

ಬೆಲೆ ಒಂದು ದಿನದ್ದು, ಬಿಲ್ಲು ಹತ್ತು ವರ್ಷದ್ದು

2025ರ ಸೆಪ್ಟೆಂಬರ್ 22ರಿಂದ ಎ.ಸಿ.ಗಳ ಮೇಲಿನ ಜಿ.ಎಸ್.ಟಿ. ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ತೆರಿಗೆಗೆ ಮುನ್ನ 30,000 ರೂ. ಬೆಲೆಯಿದ್ದ ಯಂತ್ರಕ್ಕೆ ಹಿಂದೆ 38,400 ರೂ. ಕೊಡಬೇಕಿತ್ತು, ಈಗ 35,400 ರೂ. ಸಾಕು. ಮೂರು ಸಾವಿರ ಉಳಿದದ್ದು ಸಂತೋಷವೇ. ಆದರೆ ಆ ಉಳಿತಾಯವನ್ನು ಒಂದೆರಡು ಬೇಸಿಗೆಯಲ್ಲೇ ನುಂಗಿಹಾಕುವ ಸಂಗತಿಯೊಂದು ವಿದ್ಯುತ್ ದರಪಟ್ಟಿಯಲ್ಲಿ ಅಡಗಿದೆ.

ತೆಲಂಗಾಣದಲ್ಲಿ 2022-23ರಲ್ಲಿ ಪರಿಷ್ಕರಣೆಯಾಗಿ 2025-26ರಲ್ಲೂ ಏರಿಕೆಯಿಲ್ಲದೆ ಮುಂದುವರಿದ ಗೃಹಬಳಕೆ ದರದಂತೆ, ತಿಂಗಳಿಗೆ 101ರಿಂದ 200 ಯೂನಿಟ್ ಬಳಸುವ ಮನೆಗೆ ಮೊದಲ 100 ಯೂನಿಟ್‌ಗೆ ತಲಾ 3.40 ರೂ., ಅನಂತರದ್ದಕ್ಕೆ 4.80 ರೂ. ಬಳಕೆ 200 ದಾಟಿದರೆ ಮನೆಯ ವರ್ಗವೇ ಬದಲಾಗುತ್ತದೆ. ಆಗ ಮೊದಲ 200 ಯೂನಿಟ್‌ಗಳಿಗೂ 5.10 ರೂ., 201ರಿಂದ 300ರವರೆಗೆ 7.70 ರೂ., ಮುಂದಿನ ನೂರಕ್ಕೆ 9 ರೂ. ಇದರ ಅರ್ಥವಿಷ್ಟೆ: 200 ಯೂನಿಟ್‌ಗೆ 820 ರೂ. ಇದ್ದ ವಿದ್ಯುತ್ ವೆಚ್ಚ, 201ನೇ ಯೂನಿಟ್‌ಗೆ ಕಾಲಿಟ್ಟ ಕೂಡಲೇ 1,027 ರೂ. 70 ಪೈಸೆಗೆ ಜಿಗಿಯುತ್ತದೆ. ಒಂದೇ ಯೂನಿಟ್‌ನ ಬೆಲೆ 207 ರೂಪಾಯಿ! ಸ್ಥಿರ ಶುಲ್ಕ, ಗ್ರಾಹಕ ಶುಲ್ಕ, ವಿದ್ಯುತ್ ಸುಂಕಗಳು ಬೇರೆ.

ಕರ್ನಾಟಕದಲ್ಲಿ 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿಯ ಹೆಸರಿನಲ್ಲೇ ತೆಲಂಗಾಣದಲ್ಲೂ 2024ರ ಮಾರ್ಚ್‌ನಿಂದ ಯೋಜನೆ ಆರಂಭವಾಯಿತು. ಇಲ್ಲಿ ಅರ್ಹ ಪಡಿತರ ಚೀಟಿದಾರರಿಗೆ 200 ಯೂನಿಟ್‌ವರೆಗೆ ಶೂನ್ಯ ಬಿಲ್. ಗೆರೆ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಅಂಥ ಮನೆಗಳಿಗೆ 201ನೇ ಯೂನಿಟ್ ಸಾವಿರ ರೂಪಾಯಿಗೂ ಮೇಲಿನ ಹೊಡೆತ. ಹಾಗಾಗಿ ಎ.ಸಿ. ಆಯ್ಕೆಯ ಮೊದಲ ಹೆಜ್ಜೆ ಅಂಗಡಿಗೆ ಹೋಗುವುದಲ್ಲ. ಕಳೆದ ಏಪ್ರಿಲ್, ಮೇ ತಿಂಗಳ ಬಿಲ್ಲುಗಳನ್ನು ತೆಗೆದು ನೋಡುವುದು.

ಟನ್ ಹೆಚ್ಚಾದಷ್ಟೂ ಒಳ್ಳೆಯದಲ್ಲ

ಟನ್ ಎಂದರೆ ಯಂತ್ರದ ತೂಕವೆಂದು ತಿಳಿದವರು ಇಂದಿಗೂ ಇದ್ದಾರೆ. ಒಂದು ಟನ್ ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೆಯೋ ಅಷ್ಟು ಶಾಖವನ್ನು ಕೋಣೆಯಿಂದ ಹೊರಹಾಕುವ ಸಾಮರ್ಥ್ಯವೇ ಒಂದು ಟನ್, ಸುಮಾರು 3.5 ಕಿಲೋವಾಟ್. ಹತ್ತಕ್ಕೆ ಹನ್ನೆರಡು ಅಡಿಯ ಮಲಗುವ ಕೋಣೆಗೆ ಸಾಮಾನ್ಯವಾಗಿ ಒಂದು ಟನ್ ಸಾಕು. ಕೋಣೆ 150-180 ಚದರ ಅಡಿಯದಾದರೆ, ಇಲ್ಲವೇ ಕೊನೆಯ ಮಹಡಿಯಲ್ಲಿ ಪಶ್ಚಿಮದ ಬಿಸಿಲಿಗೆ ಮೈಯೊಡ್ಡಿದ್ದರೆ ಒಂದೂವರೆ ಟನ್ ಬೇಕಾಗುತ್ತದೆ.

ಒಂದು ಉದಾಹರಣೆ ನೋಡೋಣ. ಎ.ಸಿ. ಇಲ್ಲದೆಯೇ ತಿಂಗಳಿಗೆ 90 ಯೂನಿಟ್ ಬಳಸುವ ಮನೆ. ರಾತ್ರಿ 8 ಗಂಟೆ ಎ.ಸಿ. ನಡೆಯುತ್ತದೆ. ಲೇಬಲ್ ಪ್ರಕಾರ 1,600 ಗಂಟೆಗೆ 960 ಯೂನಿಟ್ ಬೇಡುವ ಒಂದೂವರೆ ಟನ್‌ನ 3 ಸ್ಟಾರ್ ಯಂತ್ರ ತಿಂಗಳಿಗೆ 144 ಯೂನಿಟ್ ಎಳೆಯುತ್ತದೆ. ಒಟ್ಟು 234 ಯೂನಿಟ್, ವೆಚ್ಚ ಸುಮಾರು 1,282 ರೂ. ಅದೇ ಗಾತ್ರದ, 760 ಯೂನಿಟ್ ಲೇಬಲ್‌ನ 5 ಸ್ಟಾರ್ ಯಂತ್ರವಾದರೆ ಒಟ್ಟು 204 ಯೂನಿಟ್, 1,051 ರೂ. ಕೋಣೆಗೆ ಒಂದು ಟನ್ ಸಾಕಾಗಿದ್ದು, 650 ಯೂನಿಟ್ ಲೇಬಲ್‌ನ ಯಂತ್ರ ಕೊಂಡಿದ್ದರೆ ಒಟ್ಟು ಸುಮಾರು 187 ಯೂನಿಟ್, 758 ರೂ. ಮಾತ್ರ. ನಡುವಿನ ಲೆಕ್ಕದಲ್ಲಿ ಕೇವಲ ನಾಲ್ಕು ಯೂನಿಟ್ ಉಳಿಸಿದ್ದರೆ 230 ರೂಪಾಯಿ ಉಳಿಯುತ್ತಿತ್ತು ಎಂಬುದು ಗಮನಾರ್ಹ. ಮೇ ತಿಂಗಳ ಉರಿಬಿಸಿಲಿನಲ್ಲಿ ಬಳಕೆ ಲೇಬಲ್‌ಗಿಂತ ಹೆಚ್ಚೇ ಆಗುವುದರಿಂದ ಒಂದಿಷ್ಟು ಅಂತರ ಇಟ್ಟುಕೊಂಡೇ ಲೆಕ್ಕ ಹಾಕಬೇಕು.

ನಕ್ಷತ್ರಗಳ ಮರ್ಮ

ಎ.ಸಿ.ಗಳಿಗೆ ಸ್ಟಾರ್ ಲೇಬಲ್ ನೀಡುವುದು ಕೇಂದ್ರದ ಇಂಧನ ದಕ್ಷತಾ ಸಂಸ್ಥೆ, ಅಂದರೆ ಬಿ.ಇ.ಇ. ಈ ನಕ್ಷತ್ರಗಳು ಶಾಶ್ವತವಲ್ಲ. 2018ರ ಮಾನದಂಡದಲ್ಲಿ ಐ.ಎಸ್.ಇ.ಇ.ಆರ್. ಎಂಬ ದಕ್ಷತೆಯ ಅಂಕ 4.5 ಇದ್ದರೆ 5 ಸ್ಟಾರ್ ಸಿಗುತ್ತಿತ್ತು. 2022ರ ಜುಲೈನಲ್ಲಿ ಅದನ್ನು 5ಕ್ಕೆ ಏರಿಸಿದಾಗ ಹಳೆಯ 4.5ರ ಯಂತ್ರ 4 ಸ್ಟಾರ್‌ಗೆ ಇಳಿಯಿತು. 2026ರ ಜನವರಿಯಿಂದ ಮಾನದಂಡ ಮತ್ತೆ ಬಿಗಿಯಾಗಿದೆ. ಅಂಗಡಿಯಲ್ಲಿ ಹಳೆಯ ದಾಸ್ತಾನೂ ಹೊಸ ದಾಸ್ತಾನೂ ಜೊತೆಯಾಗಿ ನಿಂತಿದ್ದರೆ ನಕ್ಷತ್ರ ಎಣಿಸಿ ಪ್ರಯೋಜನವಿಲ್ಲ. ಲೇಬಲ್ ಯಾವ ಅವಧಿಯದು, ವಾರ್ಷಿಕ ಯೂನಿಟ್ ಎಷ್ಟು ಎಂಬ ಎರಡು ಅಂಕಿಗಳನ್ನು ಓದಬೇಕು.

5 ಸ್ಟಾರ್ ಎಲ್ಲರಿಗೂ ಲಾಭವೇ ಎಂದರೆ ಹಾಗೇನೂ ಇಲ್ಲ. ಮೇಲಿನ ಎರಡು ಯಂತ್ರಗಳ ವ್ಯತ್ಯಾಸ 1,600 ಗಂಟೆಗೆ 200 ಯೂನಿಟ್. ಯೂನಿಟ್‌ಗೆ ಎಂಟು ರೂಪಾಯಿಯಂತೆ 1,600 ರೂ. ಬೆಲೆಯ ವ್ಯತ್ಯಾಸ 8,000 ರೂ. ಇದ್ದರೆ ಐದು ವರ್ಷದಲ್ಲಿ ಅಸಲು ಮರಳುತ್ತದೆ. ಬೇಸಿಗೆಯ ನೂರು ರಾತ್ರಿ ಮಾತ್ರ ಬಳಸುವ ಮನೆಗೆ ಹತ್ತು ವರ್ಷ ಬೇಕು. ವೃದ್ಧರೋ ರೋಗಿಗಳೋ ಇದ್ದು ಹಗಲೂ ಇರುಳೂ ನಡೆಸುವ ಮನೆಗೆ 5 ಸ್ಟಾರ್, ನಾಲ್ಕು ತಿಂಗಳ ರಾತ್ರಿ ಬಳಕೆಗೆ 3 ಸ್ಟಾರ್ ಎಂಬುದು ಸ್ಥೂಲವಾದ ಸೂತ್ರ. 200ರ ಗೆರೆಯ ಆಸುಪಾಸಿನಲ್ಲಿರುವ ಮನೆಯವರು ಮಾತ್ರ ತಮ್ಮ ಬಿಲ್ಲು ಇಟ್ಟುಕೊಂಡು ಮತ್ತೊಮ್ಮೆ ಲೆಕ್ಕ ಹಾಕುವುದು ಲೇಸು.

ಇನ್ವರ್ಟರ್ ಎ.ಸಿ. ಎಂದಾಕ್ಷಣ ಕರೆಂಟ್ ಹೋದಾಗಲೂ ನಡೆಯುತ್ತದೆ ಎಂದು ಭಾವಿಸುವವರುಂಟು. ಅದು ಬ್ಯಾಟರಿಯ ಇನ್ವರ್ಟರ್ ಅಲ್ಲ. ಕೋಣೆ ತಂಪಾದಂತೆ ಕಂಪ್ರೆಸರ್ ನಿಲ್ಲುವ ಬದಲು ವೇಗ ತಗ್ಗಿಸಿಕೊಳ್ಳುವ ವ್ಯವಸ್ಥೆ ಅಷ್ಟೆ.

ನಂಬಿಕೆಯ ಪ್ರಶ್ನೆ

ಯಂತ್ರ ಬಾಳಿಕೆ ಬರುವುದು ಹೆಸರಿನ ಮೇಲಷ್ಟೇ ಅಲ್ಲ, ಅಳವಡಿಸುವ ಕೈಯ ಮೇಲೂ ನಿಂತಿದೆ. ಪೈಪಿನ ಜೋಡಣೆ ಸಡಿಲವಾದರೆ ಗ್ಯಾಸ್ ಸೋರುತ್ತದೆ. ಹೊರಘಟಕವನ್ನು ಗಾಳಿಯಾಡದ ಮೂಲೆಗೆ ತುರುಕಿದರೆ ಬಿಲ್ಲು ಏರುತ್ತದೆ. ತಾಮ್ರದ ಕಾಯಿಲ್ ಸೋರಿದರೆ ಬೆಸುಗೆ ಹಾಕಿ ಸರಿಪಡಿಸುವವರು ಸುಲಭವಾಗಿ ಸಿಗುತ್ತಾರೆ. ಹತ್ತು ವರ್ಷದ ವಾರಂಟಿ ಎಂಬ ದೊಡ್ಡಕ್ಷರದ ಮಾತು ಸಾಮಾನ್ಯವಾಗಿ ಕಂಪ್ರೆಸರ್‌ಗೆ ಮಾತ್ರ. ಎಲೆಕ್ಟ್ರಾನಿಕ್ ಬೋರ್ಡ್‌ಗೆ ಎಷ್ಟು ವರ್ಷ, ಗ್ಯಾಸ್ ತುಂಬುವ ಖರ್ಚು ಯಾರದು ಎಂಬುದನ್ನು ಬರಹದಲ್ಲಿ ಪಡೆಯಬೇಕು. ವೋಲ್ಟೇಜ್ ಏರುಪೇರಾಗುವ ಬಡಾವಣೆಯಲ್ಲಿ ಸ್ಟೆಬಿಲೈಸರ್ ಖರ್ಚನ್ನೂ ಸೇರಿಸಬೇಕು. ಬಾಡಿಗೆದಾರರಂತೂ ಮನೆ ಬದಲಿಸುವಾಗ ಬಿಚ್ಚಿ ಮತ್ತೆ ಕೂರಿಸುವ ವೆಚ್ಚವನ್ನು ಮರೆಯುವಂತಿಲ್ಲ.

ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಗ್ರಾಹಕ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ರಸೀದಿ, ವಾರಂಟಿ ಚೀಟಿ ಜೋಪಾನವಾಗಿರಬೇಕಷ್ಟೆ.

ಯಂತ್ರಕ್ಕೆ ಮುಂಚೆ ಮಾಡಬೇಕಾದ್ದು

ಹೈದರಾಬಾದಿನ ಏಪ್ರಿಲ್, ಮೇ ಒಣ ಸೆಕೆಯ ತಿಂಗಳುಗಳು. ಆಗ ಕಿಟಕಿಗೆ ಕೂರಿಸಿದ ಏರ್ ಕೂಲರ್ ಅತ್ಯಲ್ಪ ವಿದ್ಯುತ್ತಿನಲ್ಲಿ ಹಗಲನ್ನು ಸಹ್ಯಗೊಳಿಸುತ್ತದೆ. ಜೂನ್‌ನಲ್ಲಿ ಮಳೆಗಾಳಿ ಬೀಸಿ ತೇವ ಹೆಚ್ಚಿದ ಮೇಲೆ ಅದು ಕೆಲಸಕ್ಕೆ ಬಾರದು. ಹಗಲಿಗೆ ಕೂಲರ್, ರಾತ್ರಿಗೆ ಸಣ್ಣ ಎ.ಸಿ. ಎಂಬ ಹಂಚಿಕೆ ಅನೇಕ ಮನೆಗಳಿಗೆ ಹೊಂದುತ್ತದೆ. 2023ರ ಏಪ್ರಿಲ್‌ನಲ್ಲಿ ತೆಲಂಗಾಣ ತಂಪು ಮೇಲ್ಛಾವಣಿ ನೀತಿಯನ್ನು ಪ್ರಕಟಿಸಿತು. ಬಿಸಿಲನ್ನು ಹಿಂದಕ್ಕೆ ಕಳಿಸುವ ಬಿಳಿ ಬಣ್ಣವನ್ನು ತಾರಸಿಗೆ ಬಳಿದರೆ ಕೊನೆಯ ಮಹಡಿಯ ಕೋಣೆಯ ಕಾವು ತಗ್ಗಿ ಎ.ಸಿ.ಯ ಹೊರೆಯೂ ಇಳಿಯುತ್ತದೆ. 2020ರ ಜನವರಿಯಿಂದ ಹೊಸ ಎ.ಸಿ.ಗಳು ತಾವಾಗಿ 24 ಡಿಗ್ರಿಯಲ್ಲೇ ಆರಂಭವಾಗುತ್ತವೆ. ಪ್ರತಿ ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ವಿದ್ಯುತ್ ಉಳಿಯುತ್ತದೆಂದು ಬಿ.ಇ.ಇ. ಹೇಳುತ್ತದೆ. 26 ಡಿಗ್ರಿಯಲ್ಲಿಟ್ಟು ಮೇಲೆ ಫ್ಯಾನ್ ತಿರುಗಿಸಿದರೆ ಹಿರಿಯರ ಮೈಕೈಗೂ ಹಿತ, ಬಿಲ್ಲಿಗೂ ಹಿತ.

ಈ ವಿಷಯದಲ್ಲಿ ಕನ್ನಡ ಸಂಘಗಳಿಗೂ ಪಾತ್ರವಿದೆ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಂಥ ಸಂಸ್ಥೆಗಳು ಮತ್ತು ಬಡಾವಣೆಯ ಕನ್ನಡ ಕೂಟಗಳು ಯುಗಾದಿಗೆ ಮುನ್ನ ಒಂದು ಭಾನುವಾರ ಸದಸ್ಯರನ್ನು ಸೇರಿಸಿ, ಬಿಲ್ಲು ಓದುವ ಬಗೆಯನ್ನು ವಿವರಿಸಬಹುದು. ಯಾವ ತಂತ್ರಜ್ಞ ಪ್ರಾಮಾಣಿಕವಾಗಿ ಕೆಲಸ ಮಾಡಿದ ಎಂಬ ಸದಸ್ಯರ ಅನುಭವವನ್ನು ಕಲೆಹಾಕಿ ಪಟ್ಟಿ ಮಾಡಬಹುದು. ನಾಲ್ಕೈದು ಕುಟುಂಬಗಳು ಒಟ್ಟಾಗಿ ಕೊಂಡರೆ ಅಂಗಡಿಯವರೊಡನೆ ದರ ಮಾತಾಡುವ ಬಲವೂ ಬರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮಕ್ಕಳು ಕೆಲಸಕ್ಕೆ ಹೋದ ಮೇಲೆ ಬಿಲ್ಲಿಗೆ ಹೆದರಿ ಎ.ಸಿ. ಆರಿಸಿ ಬೆವರುತ್ತಾ ಕೂರುವ ಹಿರಿಯ ಜೀವಗಳಿವೆ. ಸರಿಯಾದ ಗಾತ್ರದ ಯಂತ್ರವನ್ನು ಲೆಕ್ಕ ಹಾಕಿ ತಂದ ಮನೆಯಲ್ಲಿ ಆ ಹೆದರಿಕೆಗೆ ಎಡೆಯಿರುವುದಿಲ್ಲ.