ತಿದ್ದಿ ಹಿಂದಿರುಗಿಸದ ಉತ್ತರಪತ್ರಿಕೆ

ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ವರ್ಷ ಕಾಲೇಜಿನ ಗೋಡೆಗಳಿಗೆ ಹೊಸ ಬಣ್ಣ ಬೀಳುತ್ತದೆ, ಒಂದೆರಡು ಕೊಠಡಿಗೆ ಸ್ಮಾರ್ಟ್ ಬೋರ್ಡ್ ಬರುತ್ತದೆ, ಅಧ್ಯಾಪಕರಿಗೆ ಕಾರ್ಯಾಗಾರ ನಡೆದು ಪ್ರಮಾಣಪತ್ರ ಹಂಚಿಕೆಯಾಗುತ್ತದೆ. ಉದ್ಘಾಟನೆಗೆ ಬಂದವರು ಆಡುವ ಮಾತು ಹೆಚ್ಚುಕಡಿಮೆ ಒಂದೇ: ಬೋಧನೆ ಆಧುನಿಕವಾಗಬೇಕು, ತಂತ್ರಜ್ಞಾನ ಅಳವಡಿಸಿಕೊಳ್ಳಬೇಕು, ಆಗ ಉನ್ನತ ಶಿಕ್ಷಣದ ಗುಣಮಟ್ಟ ತಾನಾಗಿ ಏರುತ್ತದೆ. ಹಾಗೆ ತಾನಾಗಿ ಏರಿದ ಒಂದು ಕಾಲೇಜನ್ನು ಯಾರಾದರೂ ತೋರಿಸಿದರೆ ನೋಡಬಹುದಿತ್ತು. ನನ್ನ ವಾದ ಇದಕ್ಕಿಂತ ಬಹಳ ಸಣ್ಣದು, ಖರ್ಚೂ ಕಡಿಮೆ. ನಮ್ಮ ಪದವಿ ತರಗತಿಗಳಲ್ಲಿ ಹುಡುಗರು ಕಲಿಯದಿರುವುದಕ್ಕೆ ಮುಖ್ಯ ಕಾರಣ ಪಾಠ ಹಳೆಯದಾಗಿರುವುದಲ್ಲ. ಅವರು ಬರೆದದ್ದನ್ನು ಯಾರೂ ಓದಿ, ತಪ್ಪು ತೋರಿಸಿ, ವಾರದೊಳಗೆ ಅವರ ಕೈಗೆ ಹಿಂದಿರುಗಿಸುತ್ತಿಲ್ಲ. ಮೂರು ವರ್ಷದಲ್ಲಿ ನೂರಾರು ಪುಟ ಬರೆಯುವ ಹುಡುಗನಿಗೆ ತಾನು ಎಲ್ಲಿ ಎಡವಿದೆ ಎಂದು ಗೊತ್ತಾಗುವುದು ಫಲಿತಾಂಶದ ದಿನ, ಅದೂ ಒಂದು ಅಂಕಿಯ ರೂಪದಲ್ಲಿ. ಇದನ್ನು ಸರಿಪಡಿಸದೆ ಬೇರೆ ಏನು ಮಾಡಿದರೂ ಅಲಂಕಾರವಷ್ಟೇ.

ಇದನ್ನು ಹೇಳಲು ದಾವಣಗೆರೆಗಿಂತ ಒಳ್ಳೆಯ ಊರು ಸಿಗುವುದು ಕಷ್ಟ. ಹತ್ತಿ ಗಿರಣಿಗಳ ಊರೆಂದು ಹೆಸರಾಗಿದ್ದ ಇದು ಗಿರಣಿಗಳು ಒಂದೊಂದಾಗಿ ಕಣ್ಣು ಮುಚ್ಚುವ ಹೊತ್ತಿಗೆ ಕಾಲೇಜುಗಳ ಊರಾಗಿ ಬದಲಾಗಿತ್ತು. ಬಿಡಿಟಿ ಎಂಜಿನಿಯರಿಂಗ್ ಕಾಲೇಜು ಶುರುವಾದದ್ದು 1951ರಲ್ಲಿ, ಜೆಜೆಎಂ ಮೆಡಿಕಲ್ ಕಾಲೇಜು 1965ರಲ್ಲಿ. 1979ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಬಂತು. ಅದು 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯದ ಪಾಲಾಗಿ, 2009ರಲ್ಲಿ ತೋಳಹುಣಸೆಯ ಶಿವಗಂಗೋತ್ರಿಯಲ್ಲಿ ತಾನೇ ಒಂದು ವಿಶ್ವವಿದ್ಯಾಲಯವಾಯಿತು. ಜಗಳೂರು, ಚನ್ನಗಿರಿ, ಹೊನ್ನಾಳಿ, ಹರಿಹರದ ಹಳ್ಳಿಗಳಿಂದ ಬೆಳಗಿನ ಬಸ್ಸು ಹಿಡಿದು ಇಲ್ಲಿಗೆ ಬರುವ ಹುಡುಗ ಹುಡುಗಿಯರಲ್ಲಿ ಎಷ್ಟೋ ಮಂದಿ ತಮ್ಮ ಮನೆತನದಲ್ಲೇ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರು. ಮನೆಯಲ್ಲಿ ತಿದ್ದುವವರಿಲ್ಲ. ಕಾಲೇಜಿನಲ್ಲೂ ಇಲ್ಲವೆಂದರೆ ಇನ್ನೆಲ್ಲಿ?

ಪುರಾವೆ ಏನು ಎಂದು ಕೇಳುವವರಿದ್ದಾರೆ, ಕೇಳಬೇಕಾದದ್ದೇ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ಮೇಲೆ ಒಂದು ಸರಳ ಪ್ರಯೋಗ ಮಾಡಿದರು. ಒಂದು ಗುಂಪು ಒಂದೇ ಪಠ್ಯಭಾಗವನ್ನು ನಾಲ್ಕು ಸಲ ಓದಿತು. ಇನ್ನೊಂದು ಗುಂಪು ಒಮ್ಮೆ ಓದಿ, ಪುಸ್ತಕ ಮುಚ್ಚಿ, ನೆನಪಿದ್ದಷ್ಟನ್ನು ಮೂರು ಸಲ ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ನಾಲ್ಕು ಸಲ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ಲೆಕ್ಕ ತಿರುಗಿಬಿತ್ತು: ಓದಿ ಓದಿ ಇಟ್ಟವರಿಗೆ ನೂರಕ್ಕೆ 40ರಷ್ಟು, ಬರೆದು ನೋಡಿದವರಿಗೆ 61ರಷ್ಟು ನೆನಪಿತ್ತು. ನೋಟ್ಸ್ ಹೇಳಿ ಬರೆಸಿ, ಪರೀಕ್ಷೆ ಹತ್ತಿರ ಬಂದಾಗ ಇಂಪಾರ್ಟೆಂಟ್ ಪ್ರಶ್ನೆ ಗುರುತು ಹಾಕಿಕೊಡುವ ನಮ್ಮ ಪದ್ಧತಿ ಮೊದಲನೆಯ ಗುಂಪನ್ನೇ ತಯಾರು ಮಾಡುತ್ತದೆ. 2014ರಲ್ಲಿ ಫ್ರೀಮನ್ ಮತ್ತು ಸಂಗಡಿಗರು ವಿಜ್ಞಾನ, ಗಣಿತ, ಎಂಜಿನಿಯರಿಂಗ್ ತರಗತಿಗಳ ಬಗ್ಗೆ ನಡೆದ 225 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಬರೀ ಉಪನ್ಯಾಸ ಕೇಳಿದ ತರಗತಿಗಳಲ್ಲಿ ನೂರಕ್ಕೆ ಸುಮಾರು 34 ಮಂದಿ ಫೇಲಾಗುತ್ತಿದ್ದರೆ, ವಿದ್ಯಾರ್ಥಿಗಳೇ ಲೆಕ್ಕ ಬಿಡಿಸುತ್ತ, ಉತ್ತರ ಹೇಳುತ್ತ, ಚರ್ಚಿಸುತ್ತ ಕಲಿತ ತರಗತಿಗಳಲ್ಲಿ ಸುಮಾರು 22 ಮಂದಿ. ಅಮೆರಿಕದ ಲೆಕ್ಕ ನಮಗೆ ಅನ್ವಯಿಸುತ್ತದೆಯೇ ಎಂಬ ಅನುಮಾನ ನ್ಯಾಯವಾದದ್ದು. ಆದರೆ ನೆನಪು ಕೆಲಸ ಮಾಡುವ ಬಗೆ ಚನ್ನಗಿರಿಯಲ್ಲಿ ಬೇರೆ, ಬಾಸ್ಟನ್ನಿನಲ್ಲಿ ಬೇರೆ ಎಂದು ನಂಬಲು ನನಗೆ ಕಾರಣ ಕಾಣುವುದಿಲ್ಲ.

ಇನ್ನೂ ಕುತೂಹಲದ ಸಂಗತಿ 2019ರಲ್ಲಿ ಹಾರ್ವರ್ಡ್‌ನ ಭೌತಶಾಸ್ತ್ರ ತರಗತಿಗಳಿಂದ ಬಂತು. ತಾವೇ ಲೆಕ್ಕ ಬಿಡಿಸುತ್ತ ಒದ್ದಾಡಿದ ವಿದ್ಯಾರ್ಥಿಗಳು ಹೆಚ್ಚು ಕಲಿತಿದ್ದರು, ಆದರೆ ತಾವು ಕಡಿಮೆ ಕಲಿತೆವೆಂದು ಅಂದುಕೊಂಡಿದ್ದರು. ಸೊಗಸಾದ ಉಪನ್ಯಾಸ ಕೇಳಿದವರಿಗೆ ಎಲ್ಲ ಅರ್ಥವಾಯಿತೆಂಬ ಸಮಾಧಾನವಿತ್ತು, ಪರೀಕ್ಷೆಯಲ್ಲಿ ಅದಕ್ಕೆ ಆಧಾರ ಸಿಗಲಿಲ್ಲ. ವರ್ಷದ ಕೊನೆಗೆ ವಿದ್ಯಾರ್ಥಿಗಳಿಂದ ಫೀಡ್‌ಬ್ಯಾಕ್ ಫಾರಂ ತುಂಬಿಸಿ, ಅದರ ಸರಾಸರಿಯನ್ನು ಫೈಲಿಗೆ ಹಾಕಿ, ಬೋಧನೆ ಚೆನ್ನಾಗಿದೆ ಎಂದು ತೀರ್ಮಾನಿಸುವ ಪ್ರಾಂಶುಪಾಲರು ಇದನ್ನು ಓದಬೇಕು. ಮೇಷ್ಟ್ರ ಮಾತು ಕೇಳಲು ಹಿತವಾಗಿತ್ತೇ ಎಂಬುದನ್ನು ಆ ಫಾರಂ ಅಳೆಯುತ್ತದೆ. ತಲೆಯೊಳಗೆ ಏನು ಉಳಿಯಿತು ಎಂಬುದು ಅದಕ್ಕೆ ಗೊತ್ತಿಲ್ಲ.

ಹರಿಹರದವರಿಗೆ ಇದನ್ನು ಇಷ್ಟು ಸುತ್ತಿ ಬಳಸಿ ಹೇಳಬೇಕಾಗಿಲ್ಲ. 1941ರಲ್ಲಿ ಅಲ್ಲಿ ನೆಲೆಯೂರಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಲೇತ್ ಯಂತ್ರಗಳನ್ನು ಮಾಡಿತು. ಲೇತ್ ಬೆಡ್ಡು ಮಟ್ಟಸವಾಗಿಲ್ಲದಿದ್ದರೆ ಅದರ ಮೇಲೆ ತಯಾರಾಗುವ ಪ್ರತಿಯೊಂದು ಭಾಗವೂ ಕೆಡುತ್ತದೆ. ಬೆಡ್ಡನ್ನು ಕೊನೆಯದಾಗಿ ಮಟ್ಟಸ ಮಾಡುವುದು ಕೈಯಿಂದ, ಸ್ಕ್ರೇಪರ್ ಹಿಡಿದು. ಮಟ್ಟ ನೋಡುವ ಕಬ್ಬಿಣದ ತಟ್ಟೆಗೆ ತೆಳುವಾಗಿ ನೀಲಿ ಬಣ್ಣ ಸವರಿ, ಕೆಲಸದ ತುಂಡಿನ ಮೇಲೆ ಉಜ್ಜುತ್ತಾರೆ. ಎಲ್ಲಿ ನೀಲಿ ಹತ್ತಿತೋ ಅಲ್ಲಿ ಎತ್ತರ ಉಳಿದಿದೆ. ಅಷ್ಟನ್ನೇ ಕೆರೆದು, ಒರೆಸಿ, ಮತ್ತೆ ನೀಲಿ ಸವರಿ, ಮತ್ತೆ ಉಜ್ಜಿ ನೋಡಬೇಕು. ನೀಲಿ ಚುಕ್ಕೆ ಎಲ್ಲ ಕಡೆ ಸಮನಾಗಿ ಹರಡುವ ತನಕ ಇದೇ ಕೆಲಸ. ಐಟಿಐಯಲ್ಲಿ ಫಿಟ್ಟರ್ ಕೆಲಸ ಕಲಿಯುವ ಹುಡುಗನ ಮೊದಲ ವಾರಗಳೂ ಹೀಗೇ: ವೈಸಿಗೆ ಕಬ್ಬಿಣದ ಪಟ್ಟಿ ಸಿಕ್ಕಿಸಿ ಅರ ಹಾಕುತ್ತಾನೆ, ಟ್ರೈಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿಯುತ್ತಾನೆ, ಸಂದಿನಲ್ಲಿ ಬೆಳಕು ತೂರಿದರೆ ಮೇಲ್ವಿಚಾರಕರು ಒಂದೇ ಮಾತು ಹೇಳಿ ತುಂಡನ್ನು ವಾಪಸ್ ಕೊಡುತ್ತಾರೆ. ಅಲ್ಲಿ ಅರ ಹಾಕುವುದರ ಬಗ್ಗೆ ಗಂಟೆಗಟ್ಟಲೆ ಉಪನ್ಯಾಸವಿಲ್ಲ. ತಪ್ಪು ಎಲ್ಲಿದೆ ಎಂದು ಕಣ್ಣಿಗೆ ಕಾಣುತ್ತದೆ, ತಿದ್ದಲು ಸಮಯ ಸಿಗುತ್ತದೆ, ತಿದ್ದಿದ್ದನ್ನು ಮತ್ತೆ ನೋಡುವವರಿದ್ದಾರೆ. ಈ ಶತಮಾನದ ಆರಂಭದಲ್ಲಿ ಕಾರ್ಖಾನೆ ಮುಚ್ಚಿಹೋಯಿತು, ಅದು ಬೇರೆ ದುಃಖದ ಕಥೆ. ಆದರೆ ಹತ್ತನೇ ತರಗತಿ ಮುಗಿಸಿ ಬಂದ ಹುಡುಗನನ್ನು ಮೈಕ್ರಾನ್ ಲೆಕ್ಕದಲ್ಲಿ ಕೆಲಸ ಮಾಡುವ ಕುಶಲಕರ್ಮಿಯಾಗಿಸುವ ವಿಧಾನ ನಮ್ಮ ಪಕ್ಕದಲ್ಲೇ ಇತ್ತು. ನಮ್ಮ ಬಿ.ಎ., ಬಿ.ಕಾಂ. ತರಗತಿಗಳು ಅದರಿಂದ ಏನನ್ನೂ ತೆಗೆದುಕೊಳ್ಳಲಿಲ್ಲ. ಮೆಡಿಕಲ್ ಕಾಲೇಜುಗಳು ಮಾತ್ರ ತಮ್ಮದೇ ದಾರಿಯಲ್ಲಿ ಇದನ್ನು ಉಳಿಸಿಕೊಂಡಿವೆ. ವಾರ್ಡಿನಲ್ಲಿ ರೋಗಿಯ ಹಾಸಿಗೆ ಪಕ್ಕ ನಿಂತು ಕೇಸ್ ಒಪ್ಪಿಸುವ ವಿದ್ಯಾರ್ಥಿಯನ್ನು ಹಿರಿಯ ವೈದ್ಯರು ಎರಡನೇ ವಾಕ್ಯಕ್ಕೇ ತಡೆದು ಪ್ರಶ್ನೆ ಕೇಳುತ್ತಾರೆ.

ಕಲಿಸುವವನೂ ಪರೀಕ್ಷಿಸುವವನೂ ಬೇರೆ ಬೇರೆಯಾದದ್ದು ಹೇಗೆ? 1857ರಲ್ಲಿ ಕಲ್ಕತ್ತ, ಬಾಂಬೆ, ಮದ್ರಾಸುಗಳಲ್ಲಿ ಹುಟ್ಟಿದ ವಿಶ್ವವಿದ್ಯಾಲಯಗಳು ಲಂಡನ್ ವಿಶ್ವವಿದ್ಯಾಲಯದ ಅಚ್ಚಿನವು. ಪಾಠ ಮಾಡುವುದು ಕಾಲೇಜಿನ ಕೆಲಸ, ಪ್ರಶ್ನೆಪತ್ರಿಕೆ ತೆಗೆದು ಪದವಿ ಕೊಡುವುದು ವಿಶ್ವವಿದ್ಯಾಲಯದ ಕೆಲಸ. ಇಂದಿಗೂ ಸಂಯೋಜಿತ ಕಾಲೇಜಿನ ಅಧ್ಯಾಪಕ ತಾನು ಕಲಿಸಿದ್ದರ ಮೇಲೆ ಅಂತಿಮ ಪರೀಕ್ಷೆಯಲ್ಲಿ ಪ್ರಶ್ನೆ ಕೇಳುವ ಹಕ್ಕಿಲ್ಲದವನು. ತನ್ನ ವಿದ್ಯಾರ್ಥಿ ಬರೆದ ಉತ್ತರವನ್ನು ನೋಡುವ ಅವಕಾಶವೂ ಅವನಿಗಿಲ್ಲ. ಅದು ಕೋಡ್ ನಂಬರ್ ಹೊತ್ತು ಎಲ್ಲೋ ಮೌಲ್ಯಮಾಪನ ಕೇಂದ್ರಕ್ಕೆ ಹೋಗುತ್ತದೆ. 1948-49ರ ರಾಧಾಕೃಷ್ಣನ್ ಆಯೋಗ, ವಿಶ್ವವಿದ್ಯಾಲಯ ಶಿಕ್ಷಣದಲ್ಲಿ ಒಂದೇ ಒಂದು ಸುಧಾರಣೆ ಸೂಚಿಸಬೇಕಾದರೆ ಅದು ಪರೀಕ್ಷೆಯ ಸುಧಾರಣೆ ಎಂಬ ಅರ್ಥದ ಮಾತು ಹೇಳಿತು. ಈ ಬಿರುಕನ್ನು ಮುಚ್ಚಲು ಇರುವ ಒಂದೇ ಒಂದು ಸಾಧನ ಆಂತರಿಕ ಮೌಲ್ಯಮಾಪನ, ಎಲ್ಲರ ಬಾಯಲ್ಲಿ ಇಂಟರ್ನಲ್ಸ್. ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮದಲ್ಲಿ ಅದಕ್ಕೆ ನೂರಕ್ಕೆ 40 ಅಂಕ ಸಿಕ್ಕಿತು. ಆ 40 ಅಂಕಗಳಿಗೆ ಆದದ್ದೇನು? ಸೀನಿಯರ್ ಬರೆದ ಅಸೈನ್‌ಮೆಂಟನ್ನು ಜೂನಿಯರ್ ನಕಲು ಮಾಡಿದ. ಜೆರಾಕ್ಸ್ ಅಂಗಡಿಯಲ್ಲಿ ಬೈಂಡಿಂಗ್ ಆಯಿತು. ಮುಖಪುಟಕ್ಕೆ ಬಣ್ಣ ಬಂತು. ಒಳಗಿನ ಪುಟಗಳ ಮೇಲೆ ಟಿಕ್ ಮಾರ್ಕು, ಕೊನೆಯಲ್ಲಿ ಸಹಿ. ಫಲಿತಾಂಶ ಕುಸಿಯಬಾರದೆಂದು ಹೆಚ್ಚುಕಡಿಮೆ ಎಲ್ಲರಿಗೂ 35ರ ಮೇಲೆ. ಇದನ್ನು ಮೌಲ್ಯಮಾಪನ ಎನ್ನುವುದಕ್ಕಿಂತ ಪಡಿತರ ಎನ್ನುವುದು ಸರಿ. ಅಷ್ಟರಲ್ಲಿ 2021-22ರಲ್ಲಿ ನಾಲ್ಕು ವರ್ಷದ ಪದವಿ ಬಂತು, ರಾಜ್ಯ ಶಿಕ್ಷಣ ನೀತಿ ರೂಪಿಸಲು ನೇಮಕವಾದ ಥೋರಟ್ ಆಯೋಗದ ಮಧ್ಯಂತರ ವರದಿಯ ನಂತರ 2024-25ರಿಂದ ಮತ್ತೆ ಮೂರು ವರ್ಷಕ್ಕೆ ಇಳಿಯಿತು. ಮೂರೋ ನಾಲ್ಕೋ ಎಂದು ಪಕ್ಷಗಳು ಕಾದಾಡಿದವು. ಬರೆದದ್ದನ್ನು ಓದುವವರಿಲ್ಲದಿದ್ದರೆ ಎಷ್ಟು ವರ್ಷವಾದರೇನು ಎಂದು ಎರಡೂ ಕಡೆಯವರು ಕೇಳಲಿಲ್ಲ.

ಈಗ ಆಕ್ಷೇಪಗಳಿಗೆ ಬರೋಣ. ಈಗಿನ ಹುಡುಗರಿಗೆ ಕಲಿಯುವ ಮನಸ್ಸೇ ಇಲ್ಲ, ಮೊಬೈಲು ಕೆಡಿಸಿದೆ ಎನ್ನುವವರಿಗೆ ಉತ್ತರ ಕೊಡುತ್ತ ಕೂರುವುದು ವ್ಯರ್ಥ. ಅವರ ತಲೆಮಾರಿನ ಬಗ್ಗೆಯೂ ಯಾರೋ ಹೀಗೇ ಹೇಳಿದ್ದರು. ಆದರೆ ಅಧ್ಯಾಪಕರ ಸಮಯ ಎಲ್ಲಿದೆ ಎಂಬ ಪ್ರಶ್ನೆಯನ್ನು ಹಗುರವಾಗಿ ತಳ್ಳುವಂತಿಲ್ಲ. 2018ರ ಯುಜಿಸಿ ನಿಯಮಾವಳಿ ಪ್ರಕಾರ ಸಹಾಯಕ ಪ್ರಾಧ್ಯಾಪಕರ ವಾರದ ಕೆಲಸ 40 ಗಂಟೆ, ಅದರಲ್ಲಿ ನೇರ ಬೋಧನೆ 16. ಅರವತ್ತು ಮಂದಿಯ ನಾಲ್ಕು ತರಗತಿಗಳಿದ್ದರೆ, ವಾರಕ್ಕೊಮ್ಮೆ ಅರ್ಧ ಪುಟ ಬರೆಸಿ, ಒಂದು ಹಾಳೆಗೆ ಒಂದೂವರೆ ನಿಮಿಷ ಕೊಟ್ಟರೂ ಆರು ಗಂಟೆಯ ಕೆಲಸ. ಕಾಯಂ ಅಧ್ಯಾಪಕರಿಗೆ ಇದು ಕಷ್ಟ, ಅಸಾಧ್ಯವಲ್ಲ. ನಿಜವಾದ ತೊಡಕು ಬೇರೆ ಕಡೆ ಇದೆ. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಡೆಯುತ್ತಿರುವುದೇ ಸಾವಿರಾರು ಅತಿಥಿ ಉಪನ್ಯಾಸಕರ ಮೇಲೆ. 2022ರ ಜನವರಿಯಲ್ಲಿ ಸರ್ಕಾರ ಅವರ ಗೌರವಧನವನ್ನು ಅರ್ಹತೆ, ಸೇವಾವಧಿ ನೋಡಿ 26ರಿಂದ 32 ಸಾವಿರದವರೆಗೆ ಏರಿಸಿ, ವಾರದ ಕಾರ್ಯಭಾರವನ್ನು 15 ಗಂಟೆ ಮಾಡಿತು. ಆ ಗಂಟೆಗಳು ಕರಿಹಲಗೆ ಮುಂದೆ ನಿಂತ ಗಂಟೆಗಳು. ಮನೆಗೆ ಹೊತ್ತೊಯ್ದು ತಿದ್ದಿದ ಹಾಳೆಗೆ ಲೆಕ್ಕವಿಲ್ಲ. ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಗೊತ್ತಿಲ್ಲದವರಿಗೆ ರಾತ್ರಿ ಕೂತು ತಿದ್ದಿ ಎಂದು ಉಪದೇಶ ಮಾಡುವುದು ಅನ್ಯಾಯ. ಹಾಗಾಗಿ ನನ್ನ ಬೇಡಿಕೆ ಅಧ್ಯಾಪಕರಿಗಿಂತ ಮೊದಲು ಉನ್ನತ ಶಿಕ್ಷಣ ಇಲಾಖೆಯ ಮುಂದಿದೆ: ತಿದ್ದುವ ಗಂಟೆಯನ್ನು ಬೋಧನೆಯ ಗಂಟೆಯೆಂದೇ ಎಣಿಸಿ, ಅದಕ್ಕೂ ಹಣ ಕೊಡಿ. ಹದಿನೈದರಲ್ಲಿ ಮೂರು ಗಂಟೆ ಉಪನ್ಯಾಸ ಕಡಿಮೆಯಾದರೆ ಆಕಾಶ ಕಳಚಿ ಬೀಳುವುದಿಲ್ಲ. ಪ್ರತಿ ಹಾಳೆಯನ್ನೂ ಪ್ರತಿ ವಾರ ಓದಲೇಬೇಕೆಂದೂ ಇಲ್ಲ. ಅರವತ್ತರಲ್ಲಿ ಹದಿನೈದನ್ನು ಸರದಿಯಂತೆ ಗಮನವಿಟ್ಟು ಓದಿ, ಹೆಚ್ಚು ಮಂದಿ ಮಾಡಿದ ತಪ್ಪನ್ನು ಮರುದಿನ ತರಗತಿಯಲ್ಲಿ ಬಿಡಿಸಿ ಹೇಳಿದರೆ ಉಳಿದ ನಲವತ್ತೈದು ಮಂದಿಗೂ ತಲುಪುತ್ತದೆ.

ಎರಡನೆಯ ಆಕ್ಷೇಪ ಕರುಣೆಯದು. ಬಡವರ ಮಕ್ಕಳು, ಬೆಳಿಗ್ಗೆ ಪೇಪರ್ ಹಾಕಿ ಸಂಜೆ ಅಂಗಡಿಯಲ್ಲಿ ಕೆಲಸ ಮಾಡುವವರು, ಇಂಟರ್ನಲ್ಸ್‌ನಲ್ಲಿ ನಾಲ್ಕು ಅಂಕ ಹೆಚ್ಚು ಕೊಟ್ಟರೆ ಯಾರ ಗಂಟೇನು ಹೋಗುತ್ತದೆ? ಈ ಮಾತಿನ ಹಿಂದೆ ಒಳ್ಳೆಯ ಮನಸ್ಸಿದೆ, ಅದನ್ನು ಗೌರವಿಸುತ್ತೇನೆ. ಆದರೆ ಹೋಗುವುದು ಆ ಹುಡುಗರದ್ದೇ. ಅನುಕೂಲಸ್ಥರ ಮಗ ಕಾಲೇಜಿನಲ್ಲಿ ಕಲಿಯದ್ದನ್ನು ಧಾರವಾಡದ ಕೋಚಿಂಗ್ ಸೆಂಟರಿನಲ್ಲೋ ಬೆಂಗಳೂರಿನಲ್ಲೋ ದುಡ್ಡು ಕೊಟ್ಟು ಕಲಿಯುತ್ತಾನೆ. ಬಡವನ ಮಗಳಿಗೆ ಇರುವುದು ಈ ಮೂರು ವರ್ಷವಷ್ಟೇ. ಅವಳಿಗೆ ಅಂಕ ಕೊಟ್ಟು ತಿದ್ದುಪಡಿ ಕೊಡದೆ ಕಳಿಸುವುದು, ಕರುಣೆಯ ಹೆಸರಿನಲ್ಲಿ ಅವಳ ಪಾಲಿನದ್ದನ್ನು ಕಿತ್ತುಕೊಂಡಂತೆ. ಇದಕ್ಕೆ ಪರಿಹಾರ ಕಠಿಣವಾಗಿ ಫೇಲ್ ಮಾಡುವುದೂ ಅಲ್ಲ. ವಾರದ ಬರವಣಿಗೆಗೆ ಅಂಕವೇ ಬೇಡ. ಅಂಕ ಹೋದರೆ ನಕಲಿನ ಆಸೆಯೂ ಅರ್ಧ ಹೋಗುತ್ತದೆ, ಮೇಷ್ಟ್ರ ಭಯವೂ ಹೋಗುತ್ತದೆ. ಬರೆಯುವುದು ತರಗತಿಯಲ್ಲೇ, ಕೊನೆಯ ಹದಿನೈದು ನಿಮಿಷ, ಕಾಗದದ ಮೇಲೆ. ಚಾಟ್‌ಜಿಪಿಟಿ ಅಸೈನ್‌ಮೆಂಟ್ ಬರೆದುಕೊಡುವ ಕಾಲದಲ್ಲಿ ಮನೆಯಿಂದ ಬರೆದು ತರುವ ಹಾಳೆಗೆ ಬೆಲೆ ಉಳಿದಿಲ್ಲ ಎಂಬುದನ್ನು ಹೇಳಬೇಕಾಗಿಯೇ ಇಲ್ಲ. ಹಾಗೆಯೇ, ಕನ್ನಡ ಮಾಧ್ಯಮದಿಂದ ಬಂದು ಬಿ.ಎಸ್ಸಿ.ಯ ಇಂಗ್ಲಿಷಿನಲ್ಲಿ ಮುಳುಗುವ ಹುಡುಗಿಗೆ ಆ ಹಾಳೆಯಲ್ಲಿ ಕನ್ನಡದಲ್ಲಿ ಬರೆಯಲು ಬಿಡಿ. ಉಷ್ಣಬಲವಿಜ್ಞಾನದ ಎರಡನೇ ನಿಯಮ ಅವಳಿಗೆ ಅರ್ಥವಾಗಿಲ್ಲವೋ, ಇಂಗ್ಲಿಷ್ ವಾಕ್ಯ ಕಟ್ಟಲು ಬರುವುದಿಲ್ಲವೋ ಎಂದು ಆಗ ತಿಳಿಯುತ್ತದೆ. ಎರಡಕ್ಕೂ ಮದ್ದು ಬೇರೆ ಬೇರೆ.

ಇದೆಲ್ಲ ಅಳೆಯಲು ಬರುವುದಿಲ್ಲ, ನ್ಯಾಕ್‌ಗೆ ದಾಖಲೆ ಬೇಕು ಎಂಬ ವಾದವೂ ಇದೆ. 2025ರ ಫೆಬ್ರುವರಿಯಲ್ಲಿ ಆಂಧ್ರದ ಒಂದು ಸಂಸ್ಥೆಗೆ ಹೋಗಿದ್ದ ನ್ಯಾಕ್ ತಂಡದವರನ್ನೇ ಸಿಬಿಐ ಲಂಚದ ಆರೋಪದ ಮೇಲೆ ಬಂಧಿಸಿದ ನಂತರ, ದಾಖಲೆಯ ಮೇಲಿನ ಈ ಭಕ್ತಿ ಸ್ವಲ್ಪ ಕಡಿಮೆಯಾಗಬೇಕಿತ್ತು. ದಾಖಲೆಯೇ ಬೇಕೆಂದರೆ ತಿದ್ದಿದ ಹಾಳೆಗಿಂತ ಒಳ್ಳೆಯ ದಾಖಲೆ ಯಾವುದಿದೆ? ಫೈಲುಗಳ ರಾಶಿಯ ಬದಲು, ತಂಡದವರು ತಾವೇ ಆರಿಸಿದ ಹತ್ತು ವಿದ್ಯಾರ್ಥಿಗಳ ಜೂನ್ ತಿಂಗಳ ಹಾಳೆ ಮತ್ತು ನವೆಂಬರ್ ತಿಂಗಳ ಹಾಳೆಯನ್ನು ಪಕ್ಕಪಕ್ಕ ಇಟ್ಟು ಕೇಳಲಿ. ಆ ಐದು ತಿಂಗಳಲ್ಲಿ ಕಾಲೇಜು ಏನು ಮಾಡಿತು ಎಂಬುದು ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ, ಅದನ್ನು ಹಿಂದಿನ ರಾತ್ರಿ ಕೂತು ಸೃಷ್ಟಿಸುವುದೂ ಸುಲಭವಲ್ಲ. ದಾವಣಗೆರೆ ಮತ್ತು ಚಿತ್ರದುರ್ಗ ಎರಡೇ ಜಿಲ್ಲೆಗಳ ವ್ಯಾಪ್ತಿಯ ದಾವಣಗೆರೆ ವಿಶ್ವವಿದ್ಯಾಲಯಕ್ಕೆ ಇಂಥದ್ದನ್ನು ಶುರುಮಾಡಲು ರಾಜ್ಯದ ಅಪ್ಪಣೆಗೆ ಕಾಯಬೇಕಾಗಿಲ್ಲ. ಮೊದಲ ಸೆಮಿಸ್ಟರಿನ ಒಂದೇ ಒಂದು ವಿಷಯ ಸಾಕು. ಇಪ್ಪತ್ತು ಕಾಲೇಜುಗಳಲ್ಲಿ ವಾರದ ಹಾಳೆ ಬರೆಸಿ ತಿದ್ದಲಿ, ಇನ್ನಿಪ್ಪತ್ತರಲ್ಲಿ ಈಗಿನಂತೆಯೇ ನಡೆಯಲಿ, ಸೆಮಿಸ್ಟರ್ ಕೊನೆಗೆ ಒಂದೇ ಪ್ರಶ್ನೆಪತ್ರಿಕೆಯಲ್ಲಿ ಎರಡೂ ಕಡೆಯ ಫಲಿತಾಂಶ ಹೋಲಿಸಿ ನೋಡಲಿ. ನನ್ನ ವಾದ ಸುಳ್ಳಾದರೆ ಅದನ್ನೂ ಪ್ರಕಟಿಸಲಿ.