ಪರಿಮಿತ ಹೊಣೆಯ ರೈತ ಕಂಪನಿಯೂ ವಡಗೇರಾ ಸೀಮೆಯ ಮುಖಂಡರ ಕರ್ತವ್ಯವೂ

ಕೃಷ್ಣಾ ಭೀಮಾ ನದಿಗಳ ನಡುವಣ ವಡಗೇರಾ ಸೀಮೆಯಲ್ಲಿ ಒಕ್ಕಲಿಗನ ಕಷ್ಟವು ಬೆಳೆಯುವುದರಲ್ಲಿ ಇರುವುದಕ್ಕಿಂತ ಮಾರುವುದರಲ್ಲಿಯೇ ಹೆಚ್ಚಾಗಿರುತ್ತದೆ. ಇಲ್ಲಿಯ ಎರೆಯ ಭೂಮಿಯು ಹತ್ತಿ, ತೊಗರಿ, ಹೆಸರುಗಳನ್ನು ಕೊಡುತ್ತದೆ. ನೀರು ದೊರೆತೆಡೆಯಲ್ಲಿ ಭತ್ತವೂ ಮೆಣಸಿನಕಾಯಿಯೂ ಬರುತ್ತವೆ. ಆದರೆ ಮುಂಗಾರಿಗೆ ಬೀಜ ಗೊಬ್ಬರಗಳನ್ನು ಉದ್ರಿ ತಂದವನು ಸುಗ್ಗಿಯಲ್ಲಿ ತನ್ನ ಮಾಲನ್ನು ಉದ್ರಿ ಕೊಟ್ಟ ಅಂಗಡಿಗೇ ಒಯ್ಯಬೇಕಾಗುವುದು. ಹಾಗೆ ಒಯ್ದವನಿಗೆ ಧಾರಣೆಯನ್ನು ಚರ್ಚಿಸುವ ಬಾಯಿ ಉಳಿಯುವುದಿಲ್ಲ. ನಾಲ್ಕು ಚೀಲದ ಧಣಿಯು ರಾಯಚೂರಿನ ಹತ್ತಿ ಪೇಟೆಗಾಗಲಿ ಬ್ಯಾಡಗಿಯ ಮೆಣಸಿನಕಾಯಿ ಪೇಟೆಗಾಗಲಿ ತಾನೊಬ್ಬನೇ ಹೋದರೆ ಬಾಡಿಗೆಯೇ ಲಾಭವನ್ನು ನುಂಗುವುದು.

ಹತ್ತು ಜನರ ಕಡ್ಡಿ ಒಬ್ಬನ ಹೊರೆ ಎಂಬ ಗಾದೆಯನ್ನು ತಿಳಿಯದ ರೈತನಿಲ್ಲ. ಕೂಡಿ ಕೆಲಸಮಾಡುವುದು ಕನ್ನಡ ನಾಡಿಗೆ ಹೊಸದೂ ಅಲ್ಲ. ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು. ಒಂದು ಊರಿನ ಮುಖಂಡನು ಮನಸ್ಸುಮಾಡಿದರೆ ಎಷ್ಟು ದೂರ ನಡೆಯಬಹುದೆಂಬುದಕ್ಕೆ ಅದೇ ಸಾಕ್ಷಿ. ಆದರೆ ಆ ಸಂಘಗಳಿಗೆ ಆಧಾರವಾದ 1904ರ ಕಾಯಿದೆಯಲ್ಲಿ ಗ್ರಾಮ ಸಂಘದ ಸದಸ್ಯರ ಹೊಣೆಯು ಅಪರಿಮಿತವಾಗಿರತಕ್ಕದ್ದೆಂಬುದೇ ಸಾಮಾನ್ಯ ನಿಯಮವಾಗಿತ್ತು. ಸಂಘವು ಮುಳುಗಿದರೆ ಸದಸ್ಯನ ಮನೆ ಮಾರುಗಳಿಗೂ ಕುತ್ತು ಬರಬಹುದಾಗಿತ್ತು. ಕೂಡಿ ವ್ಯಾಪಾರ ಮಾಡುವ ಮಾತು ಬಂದಾಗ ಇಂದಿಗೂ ಅನೇಕರು ಹಿಂಜರಿಯುವುದಕ್ಕೆ ಈ ಭಯವೇ ಕಾರಣವಾಗಿರುತ್ತದೆ: ಯಾರೋ ಮಾಡಿದ ಸಾಲಕ್ಕೆ ತನ್ನ ಹೊಲ ಹೋದೀತೆಂಬ ಭಯ.

ಪರಿಮಿತ ಹೊಣೆಯ ಕಂಪನಿಯು ಈ ಭಯಕ್ಕೆ ಕಾನೂನು ಕೊಟ್ಟ ಉತ್ತರವಾಗಿದೆ. ಕಂಪನಿಯು ನೋಂದಣಿಯಾದ ದಿನದಿಂದ ತನ್ನ ಸದಸ್ಯರಿಂದ ಬೇರೆಯಾದ ಒಬ್ಬ ವ್ಯಕ್ತಿಯಂತೆಯೇ ಎಣಿಸಲ್ಪಡುತ್ತದೆ. ಅದು ತನ್ನ ಹೆಸರಿನಲ್ಲಿ ಆಸ್ತಿಯನ್ನು ಹೊಂದುವುದು, ಸಾಲವನ್ನು ಮಾಡುವುದು, ದಾವೆಯನ್ನು ಹೂಡುವುದು. ಉದಾಹರಣೆಗೆ, 300 ಜನ ರೈತರು ತಲೆಗೆ 1,000 ರೂಪಾಯಿಯಂತೆ ಷೇರು ಕೊಂಡು 3 ಲಕ್ಷದ ಬಂಡವಾಳವನ್ನು ಕೂಡಿಸಿದರೆಂದು ತಿಳಿಯೋಣ. ಕಂಪನಿಯು ಗೊಬ್ಬರದ ವ್ಯಾಪಾರದಲ್ಲಿ 10 ಲಕ್ಷದ ಬಾಕಿಗೆ ಸಿಕ್ಕಿದರೂ ಸದಸ್ಯನು ಕಳೆದುಕೊಳ್ಳುವುದು ಆ ಸಾವಿರ ರೂಪಾಯಿಯನ್ನು ಮಾತ್ರ. 600 ಕೊಟ್ಟು 400 ಬಾಕಿಯಿಟ್ಟಿದ್ದವನು ಆ 400ನ್ನು ಕೊಡಬೇಕಾದೀತು. ಅದಕ್ಕೂ ಮೀರಿ ಅವನ ಹೊಲದ ಬದುವನ್ನು ಯಾವ ಸಾಲಗಾರನೂ ದಾಟುವಂತಿಲ್ಲ.

ಸಾಧಾರಣ ಕಂಪನಿಯಲ್ಲಿ ಹಣವುಳ್ಳವನ ಮಾತೇ ನಡೆಯುವುದರಿಂದ ಅದು ರೈತರಿಗೆ ಹೊಂದುವುದಿಲ್ಲ. ಆದುದರಿಂದ ವೈ. ಕೆ. ಅಲಘ್‌ರವರ ಸಮಿತಿಯ ಸಲಹೆಯ ಮೇರೆಗೆ ಉತ್ಪಾದಕರ ಕಂಪನಿ ಎಂಬ ಪ್ರತ್ಯೇಕ ವರ್ಗವನ್ನು 2003ರಿಂದ ಕಂಪನಿ ಕಾಯಿದೆಯಲ್ಲಿ ಸೇರಿಸಲಾಯಿತು. ಅದೇ ನಿಯಮಾವಳಿಯು 2021ರ ಫೆಬ್ರವರಿಯಿಂದ 2013ರ ಕಾಯಿದೆಯ ಅಂಗವಾಗಿದೆ. ಬೆಳೆ ತೆಗೆಯುವ 10 ಜನರು ಕೂಡಿದರೆ ಕಂಪನಿಯನ್ನು ಸ್ಥಾಪಿಸಬಹುದು. ನಿರ್ದೇಶಕರು 5ಕ್ಕೆ ಕಡಿಮೆಯಿಲ್ಲದೆ 15ಕ್ಕೆ ಮೀರದೆ ಇರತಕ್ಕದ್ದು. ಸದಸ್ಯರು ವ್ಯಕ್ತಿಗಳಾಗಿರುವಲ್ಲಿ ಷೇರು ಎಷ್ಟೇ ಇದ್ದರೂ ಒಬ್ಬನಿಗೆ ಒಂದೇ ಮತವಿರುವುದು. ಷೇರುಗಳು ಪೇಟೆಯಲ್ಲಿ ಮಾರಾಟವಾಗುವುದಿಲ್ಲ. ಲಾಭದ ಮುಖ್ಯ ಭಾಗವು ಹಣ ಹಾಕಿದ ಲೆಕ್ಕದಿಂದಲ್ಲ, ಕಂಪನಿಯೊಡನೆ ವ್ಯವಹರಿಸಿದ ಲೆಕ್ಕದಿಂದ ಹಂಚಲ್ಪಡುವುದು. ಸದಸ್ಯನ ಮಾಲಿಗೆ ಮೊದಲು ಒಂದು ಬೆಲೆಯನ್ನು ಕೊಟ್ಟು, ತಡೆಹಿಡಿದ ಉಳಿಕೆಯನ್ನು ಮಾರಾಟದ ನಂತರ ಕೊಡುವುದಕ್ಕೂ ಅವಕಾಶವಿದೆ. ಇವೆಲ್ಲವೂ ಒಕ್ಕಲುತನದ ನಡೆಗೆ ಒಗ್ಗುವ ನಿಯಮಗಳೆಂಬುದರಲ್ಲಿ ಸಂದೇಹವಿಲ್ಲ.

ಊರಿನಲ್ಲಿ ಸಹಕಾರ ಸಂಘವಿರುವಾಗ ಕಂಪನಿಯೇಕೆಂದು ಕೆಲವರು ಕೇಳುವುದುಂಟು. ಪ್ರಶ್ನೆಯು ಯೋಗ್ಯವಾದದ್ದೇ. ಪ್ರಾಥಮಿಕ ಪತ್ತಿನ ಸಂಘದ ಮುಖ್ಯ ಕೆಲಸವು ಸಾಲ ಕೊಡುವುದು. ದೂರದ ಪೇಟೆಯನ್ನು ಅರಸಿ ಮಾಲು ಮಾರುವುದು ಬೇರೆ ಕಸಬು. ಕಂಪನಿಯ ವ್ಯಾಪಾರಕ್ಕೆ ತಾಲೂಕು ಜಿಲ್ಲೆಗಳ ಎಲ್ಲೆಯಿಲ್ಲ. ಅಲ್ಲದೆ ಸಹಕಾರ ಸಂಘವೇ ಉತ್ಪಾದಕ ಸಂಸ್ಥೆಯಾಗಿ ಇಂತಹ ಕಂಪನಿಯಲ್ಲಿ ಸೇರುವುದಕ್ಕೂ ಕಾನೂನಿನಲ್ಲಿ ಎಡೆಯಿರುವುದು. ಆದುದರಿಂದ ಎರಡನ್ನೂ ಸವತಿಯರಂತೆ ಕಾಣಬೇಕಾದುದಿಲ್ಲ.

ಆದರೆ ಕಂಪನಿಯನ್ನು ಕಟ್ಟಬೇಕೆಂಬ ಮಾತಿಗಿಂತ ಯಾತಕ್ಕಾಗಿ ಕಟ್ಟಬೇಕೆಂಬ ಮಾತು ದೊಡ್ಡದು. 2020ರಲ್ಲಿ ಕೇಂದ್ರ ಸರ್ಕಾರವು 10,000 ರೈತ ಉತ್ಪಾದಕ ಸಂಸ್ಥೆಗಳ ಯೋಜನೆಯನ್ನು ಆರಂಭಿಸಿತು. ಸಂಸ್ಥೆಯೊಂದರ ಆಡಳಿತ ವೆಚ್ಚಕ್ಕೆ ಮೂರು ವರ್ಷಗಳಲ್ಲಿ 18 ಲಕ್ಷದ ವರೆಗೂ, ಸದಸ್ಯನ ಬಂಡವಾಳಕ್ಕೆ ಸರಿಸಮನಾಗಿ ತಲೆಗೆ 2,000 ರೂಪಾಯಿಯಂತೆ ಒಟ್ಟು 15 ಲಕ್ಷದ ವರೆಗೂ ನೆರವನ್ನು ಅದರಲ್ಲಿ ಗೊತ್ತುಪಡಿಸಲಾಯಿತು. ನೆರವು ಒಳ್ಳೆಯದೇ. ಆದರೆ ನೆರವಿನ ಆಸೆಯಿಂದಲೇ ಹುಟ್ಟಿದ ಸಂಸ್ಥೆಯು ನೆರವು ತೀರಿದ ದಿನವೇ ಮಲಗುವುದು. ಸದಸ್ಯನು ತನ್ನ ಹತ್ತಿಯನ್ನು ಹಳೆಯ ಅಂಗಡಿಗೇ ಹಾಕಿ, ಷೇರಿನ ಕಾಗದವನ್ನು ಮಾತ್ರ ಪೆಟ್ಟಿಗೆಯಲ್ಲಿಟ್ಟುಕೊಂಡರೆ ಆ ಕಂಪನಿಯು ಹೆಸರಿಗೆ ಮಾತ್ರ ಬದುಕಿರುತ್ತದೆ.

ಎರಡನೆಯದಾಗಿ, ಊರ ಮುಖಂಡರೇ ತಮ್ಮ ಸ್ಥಾನವನ್ನು ಚೆನ್ನಾಗಿ ಅರಿಯಬೇಕು. ಗೌಡಕಿ, ಕುಲಕರ್ಣಿಕೆಗಳ ವಂಶಪಾರಂಪರ್ಯದ ಅಧಿಕಾರವು ರಾಜ್ಯದ 1961ರ ಕಾಯಿದೆಯಿಂದ ರದ್ದಾಯಿತು. ಆದರೂ ಹಳ್ಳಿಯಲ್ಲಿ ಹಿರಿಯ ಮನೆತನದ ಮಾತಿಗೆ ತೂಕವಿದ್ದೇ ಇದೆ. ಆ ತೂಕವನ್ನು ಐದು ನಿರ್ದೇಶಕರ ಸ್ಥಾನಗಳನ್ನು ಒಂದೇ ಮನೆಯಲ್ಲಿ ಹಂಚಿಕೊಳ್ಳುವುದಕ್ಕೆ ಬಳಸಿದರೆ ಕಂಪನಿಯು ಊರಿನದಾಗದೆ ಮನೆಯದಾಗುವುದು. ಕಾಯಿದೆಯು ಉತ್ಪಾದಕನೆಂದರೆ ಭೂಮಿಯ ಒಡೆಯನೇ ಆಗಬೇಕೆಂದು ಹೇಳುವುದಿಲ್ಲ. ಪಾಲಿಗೆ ಮಾಡುವವನೂ, ಕುರಿ ಸಾಕುವವನೂ, ಎಮ್ಮೆ ಕಟ್ಟಿರುವ ಹೆಣ್ಣುಮಗಳೂ ಉತ್ಪಾದಕರೇ. ಅವರನ್ನು ಹೊರಗಿಟ್ಟ ಕಂಪನಿಯು ಕಾಯಿದೆಯ ಅಕ್ಷರವನ್ನು ಪಾಲಿಸಿದರೂ ಅದರ ಜೀವವನ್ನು ಬಿಟ್ಟಂತೆಯೇ ಸರಿ. ಇನ್ನು ಕಂಪನಿಯ ವ್ಯವಹಾರಕ್ಕೆ ವಿರುದ್ಧವಾದ ಹಿತವುಳ್ಳವನು ಸದಸ್ಯನಾಗಲಾರನೆಂದು ಕಾಯಿದೆಯಲ್ಲಿಯೇ ಇದೆ. ಒಂದು ಕೈಯಲ್ಲಿ ಅಡತಿಯನ್ನೂ ಇನ್ನೊಂದು ಕೈಯಲ್ಲಿ ರೈತ ಕಂಪನಿಯನ್ನೂ ಹಿಡಿಯಬಯಸುವವರು ಎರಡರಲ್ಲೊಂದನ್ನು ಬಿಡತಕ್ಕದ್ದು.

ಮೂರನೆಯದಾಗಿ, ಪರಿಮಿತವಾದದ್ದು ಹೊಣೆಯೇ ಹೊರತು ಕರ್ತವ್ಯವಲ್ಲ. ಬ್ಯಾಂಕಿನವರು ನಿರ್ದೇಶಕರ ಸ್ವಂತ ಜಾಮೀನನ್ನು ಕೇಳಿದಾಗ, ಅದಕ್ಕೆ ರುಜು ಹಾಕಿದವನಿಗೆ ಪರಿಮಿತ ಹೊಣೆಯ ರಕ್ಷಣೆಯು ಆ ಸಾಲದ ಮಟ್ಟಿಗೆ ಇರುವುದಿಲ್ಲ. ಕಾಯಿದೆಗೆ ವಿರುದ್ಧವಾದ ಠರಾವಿಗೆ ಮತ ಕೊಟ್ಟ ನಿರ್ದೇಶಕರು ನಷ್ಟವನ್ನು ಸ್ವಂತವಾಗಿ ತುಂಬಿಕೊಡಬೇಕಾಗುವುದು. ವಾರ್ಷಿಕ ಲೆಕ್ಕವನ್ನೂ ವಾರ್ಷಿಕ ವರದಿಯನ್ನೂ ಗಡುವಿನೊಳಗೆ ಸಲ್ಲಿಸದಿದ್ದರೆ ಒಂದೊಂದು ಪತ್ರಕ್ಕೂ ದಿನಕ್ಕೆ 100 ರೂಪಾಯಿಯ ಹೆಚ್ಚುವರಿ ಶುಲ್ಕವಿದೆ. ಎರಡೂ ಒಂದು ವರ್ಷ ತಡವಾದರೆ ಮೊಬಲಗು 73,000 ರೂಪಾಯಿಯಾಗುವುದು. ಮೇಲಿನ ಉದಾಹರಣೆಯ ಕಂಪನಿಗೆ ಇದು ಬಂಡವಾಳದ ನಾಲ್ಕನೆಯ ಒಂದು ಭಾಗಕ್ಕೆ ಸಮೀಪ! ನಷ್ಟದ ವ್ಯಾಪಾರವನ್ನೇ ಮಾಡದೆ, ಕೇವಲ ಅಲಕ್ಷ್ಯದಿಂದಲೇ ಒಂದು ಕಂಪನಿಯು ಸಾಯಬಹುದೆಂಬುದನ್ನು ಈ ಲೆಕ್ಕವೇ ತೋರಿಸುವುದು.

ಆದುದರಿಂದ ಕೆಲಸದ ಕ್ರಮವು ಹೀಗಿರುವುದು ಲೇಸು. ಮೊದಲು ಎರಡು ಮೂರು ಊರುಗಳ ರೈತರು ಒಂದೇ ಬೆಳೆಯನ್ನು ಆರಿಸಿಕೊಂಡು, ನೋಂದಣಿಯಿಲ್ಲದೆಯೇ ಒಂದು ಸುಗ್ಗಿಯ ಮಾಲನ್ನು ಒಂದೇ ಕಡೆ ತೂಗಿ, ಒಂದೇ ಲಾರಿಯಲ್ಲಿ ಕಳುಹಿಸಿ, ಲೆಕ್ಕವನ್ನು ಚಾವಡಿಯಲ್ಲಿ ಎಲ್ಲರೆದುರಿಗೆ ಓದಬೇಕು. ಆದರೆ ನೋಂದಣಿಯ ಮುಂಚೆ ಪರಿಮಿತ ಹೊಣೆಯ ರಕ್ಷಣೆಯಿಲ್ಲವಾದುದರಿಂದ ಆ ಅವಧಿಯಲ್ಲಿ ಸಾಲವನ್ನೆತ್ತಬಾರದು. ಪರಸ್ಪರ ನಂಬಿಕೆ ನಿಂತ ಬಳಿಕ ಅರ್ಜಿ ಹಾಕತಕ್ಕದ್ದು. ಅರ್ಜಿಯು ಈಗ ಗಣಕಯಂತ್ರದ ಮೂಲಕವೇ ಸಲ್ಲುವುದರಿಂದ ಬೆಂಗಳೂರು ದೂರವೆಂಬ ನೆವಕ್ಕೆ ಎಡೆಯಿಲ್ಲ. ನೋಂದಣಿಯಾದ 90 ದಿನಗಳೊಳಗೆ ಮೊದಲನೆಯ ವಾರ್ಷಿಕ ಸಭೆಯನ್ನು ಸೇರಿಸಬೇಕು. ಲೆಕ್ಕಪತ್ರವನ್ನು ಬಲ್ಲ ಪೂರ್ಣಕಾಲದ ಮುಖ್ಯ ಕಾರ್ಯನಿರ್ವಾಹಕನನ್ನು ನೇಮಿಸಬೇಕು. ಅವನು ನಿರ್ದೇಶಕರ ಅಳಿಯನೋ ತಮ್ಮನೋ ಎಂಬುದಕ್ಕಿಂತ ಬಿತ್ತನೆಯ ಕಾಲ, ಪೇಟೆಯ ಧಾರಣೆ, ಗಡುವಿನ ದಿನ ಇವು ಮೂರನ್ನೂ ಮರೆಯದವನೋ ಎಂಬುದನ್ನು ನೋಡಬೇಕು.

ಹಿಂದೆ ಶಹಾಪುರಕ್ಕೆ ಸೇರಿದ್ದ ವಡಗೇರಾ ಇಂದು ತಾನೇ ಒಂದು ತಾಲೂಕಾಗಿದೆ. ತಾಲೂಕಿನ ಹೆಸರು ಸರ್ಕಾರದ ಆಜ್ಞೆಯಿಂದ ಬರಬಹುದು. ತಾಲೂಕಿನ ಹುಟ್ಟುವಳಿಗೆ ಬೆಲೆ ಬರುವುದು ಅಲ್ಲಿಯ ರೈತರ ಒಗ್ಗಟ್ಟಿನಿಂದಲೇ. ದೊಡ್ಡ ಹಿಡುವಳಿಯವನಿಗೆ ಕಂಪನಿಯಿಲ್ಲದೆಯೂ ನಡೆದೀತು. ಎರಡೆಕರೆಯವನಿಗೆ ಅದು ಹೊಲ ಉಳಿಯುವ ಇಲ್ಲವೆ ಹೋಗುವ ಮಾತಾಗಿದೆ. ದೊಡ್ಡವನು ಮುಂದೆ ನಿಂತು ಸಣ್ಣವನಿಗೆ ಸಮಾನವಾದ ಮತವನ್ನು ಕೊಡಲು ಒಪ್ಪಿದಲ್ಲಿ ಮಾತ್ರ ಈ ಕೆಲಸವು ಕೈಗೂಡುವುದು. ಹಾಗೆ ಒಪ್ಪುವ ಮುಖಂಡರು ಈ ಸೀಮೆಯಲ್ಲಿದ್ದರೆ ಬರುವ ಮುಂಗಾರಿನ ಬೀಜವನ್ನು ಉದ್ರಿ ತರುವ ಮೊದಲೇ ಊರವರನ್ನು ಚಾವಡಿಗೆ ಕರೆಯಿಸಿ ಈ ವಿಷಯವನ್ನು ವಿಚಾರಕ್ಕೆ ತೆಗೆದುಕೊಳ್ಳತಕ್ಕದ್ದು.