ದಾದಿಯರ ಸೇವೆಗೆ ಯಾವ ಅಳತೆಗೋಲು?

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲೂಕುಗಳ ಜನರಿಗೆ ಮಂಗನ ಕಾಯಿಲೆಯನ್ನು ಪರಿಚಯಿಸಬೇಕಾಗಿಲ್ಲ. 1957ರಲ್ಲಿ ನೆರೆಯ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಈ ರೋಗವು 2019ರಲ್ಲಿ ಸಾಗರ ತಾಲೂಕಿನ ಅರಳಗೋಡಿನ ಹಲವು ಮನೆಗಳಿಗೆ ಸಾವನ್ನೇ ತಂದಿತು. ಇದಕ್ಕೆ ನಿರ್ದಿಷ್ಟ ಔಷಧಿಯಿಲ್ಲ. ದೇಹದ ನೀರಿನಂಶ ಕುಂದದಂತೆ, ರಕ್ತಸ್ರಾವ ಕಣ್ತಪ್ಪದಂತೆ, ಇಳಿದ ಜ್ವರವು ಮರಳೀತೆಂಬ ಎಚ್ಚರದಿಂದ ಕಾಯುವುದೇ ಚಿಕಿತ್ಸೆಯ ಬಹುಭಾಗ. ಆ ಕಾವಲು ನಾವು ಸಿಸ್ಟರ್ ಎಂದು ಕರೆಯುವ ದಾದಿಯರದು.

ಇಂಥ ಸೇವೆಯನ್ನು ಸರಕಾರಿ ಆಸ್ಪತ್ರೆಗಳಲ್ಲಿ ವರ್ಷಕ್ಕೊಮ್ಮೆ ಕಾರ್ಯನಿರ್ವಹಣಾ ವರದಿಯು ಅಳೆಯುತ್ತದೆ. ಮೌಲ್ಯಮಾಪನವೇ ಬೇಡವೆಂದು ನಾವು ವಾದಿಸುವುದಿಲ್ಲ. ಒರಟು ಮಾತಿಗೆ, ತಡವಾದ ಇಂಜೆಕ್ಷನ್ನಿಗೆ ಉತ್ತರ ಕೇಳುವ ಹಕ್ಕು ರೋಗಿಗಿದೆ. ಆದರೆ ಕಾರ್ಯ ಬೇರೆ, ಕಾರ್ಯದ ಗುರುತು ಬೇರೆ. (ತತ್ತ್ವಶಾಸ್ತ್ರ ಓದಿದವರ ಹಳೆಯ ಚಾಳಿಯಿದು, ಓದುಗರು ಕ್ಷಮಿಸಬೇಕು.) ತುಂಬಿದ ರಿಜಿಸ್ಟರು ಗುರುತು ಮಾತ್ರ. ನಡುರಾತ್ರಿ ರೋಗಿಯ ಒಸಡಿನಲ್ಲಿ ರಕ್ತ ಕಂಡು ವೈದ್ಯರನ್ನು ಎಬ್ಬಿಸಿದ ದಾದಿಯು ರಿಜಿಸ್ಟರನ್ನು ಬೆಳಿಗ್ಗೆ ಬರೆದಳೆನ್ನಿ; ಕಾಗದದಲ್ಲಿ ಉಳಿಯುವುದು ಆ ವಿಳಂಬವೊಂದೇ.

ಸಾಮಾನ್ಯ ಆಸ್ಪತ್ರೆಯಲ್ಲಿ 5 ರೋಗಿಗಳಿಗೆ ಒಬ್ಬ ದಾದಿಯಿರಬೇಕೆಂಬುದು ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ. ಹಾಗಿರುವಾಗ, ಒಂದು ಪಾಳಿಯಲ್ಲಿ ಆಕೆಯ ಪಾಲಿಗೆ ಎಷ್ಟು ಹಾಸಿಗೆಗಳಿದ್ದವೆಂಬುದನ್ನು ವರದಿಯ ಮೊದಲ ಅಂಕಣದಲ್ಲಿ ಮೇಲಧಿಕಾರಿಗಳೇ ನಮೂದಿಸಲಿ. ವಾರ್ಡಿನ ಹಿರಿಯ ದಾದಿಯ ಮಾತಿಗೂ ಬಿಡುಗಡೆಯಾಗುವ ರೋಗಿಯ ಮಾತಿಗೂ ಅಲ್ಲಿ ಸ್ಥಳವಿರಲಿ. ಬಡ್ತಿಗೆ ಕುತ್ತಾಗುವ ಷರಾ ಬರೆಯುವ ಮುನ್ನ ಆಕೆಯನ್ನು ಎದುರಿಗೆ ಕೂರಿಸಿ, ಆ ರಾತ್ರಿ ವಾರ್ಡಿನಲ್ಲಿ ಏನಾಯಿತೆಂದು ಕೇಳಲಿ.